ಎರಡು ಎಡ ಬಾಗಿಲು

ನನ್ನ ಗಂಡನೂ ಮೈದುನನೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಮಾತು ಬಿಟ್ಟಿದ್ದರು ಎಂದರೆ ಜಗಳವಾಡುತ್ತಿದ್ದರು ಎಂದುಕೊಳ್ಳಬೇಡಿ. ಜಗಳವಾಡುವುದಕ್ಕೆ ಮಾತಾದರೂ ಬೇಕಲ್ಲ. ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನೆಲ್ಲ ನನಗೆ ಹೇಳುತ್ತಿದ್ದರು, ಅದೂ ಒಂದೇ ಕೋಣೆಯಲ್ಲಿ ಎದುರುಬದುರು ಕೂತು. ನನ್ನ ಉದ್ಯೋಗ ನೀರು ಸರಬರಾಜು ಕಚೇರಿಯಲ್ಲಿ. ನಲ್ಲಿಯಲ್ಲಿ ನೀರು ಬಾರದವರು ಫೋನು ಮಾಡಿ ಬೈಯುತ್ತಾರೆ. ಬೈಗುಳವನ್ನು ನಾನಿಟ್ಟುಕೊಂಡು ವಿಷಯವನ್ನಷ್ಟೇ ಎಂಜಿನಿಯರಿಗೆ ದಾಟಿಸಬೇಕು. ಮನೆಯಲ್ಲೂ ಅದೇ ಕೆಲಸ, ಸಂಬಳವಿಲ್ಲ ಅಷ್ಟೆ.

ಮಾತು ಬಿಟ್ಟ ಕಾರಣ ಕೇಳಿದರೆ ನಗುತ್ತೀರಿ. ಒಂದು ದಿನ ನಮ್ಮ ಮಾವನಿಗೆ ಎದೆನೋವು ಬಂತು. ಇವರು, ಅಂದರೆ ನನ್ನ ಗಂಡ, ಕಾರು ಓಡಿಸುತ್ತಿದ್ದರು. ಮೈದುನ ಹಿಂದಿನ ಸೀಟಿನಲ್ಲಿ ಮಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಸೇತುವೆಯ ದಾರಿ ಹಿಡಿ ಎಂದು ಅವನು, ಮಾರುಕಟ್ಟೆಯ ದಾರಿಯೇ ಹತ್ತಿರ ಎಂದು ಇವರು. ಮಾರುಕಟ್ಟೆಯಲ್ಲಿ ಹೋಗಿ ಸಿಕ್ಕಿಹಾಕಿಕೊಂಡರು. "ಅಪ್ಪನ್ನ ಕೊಲ್ಲೋಕೇ ಈ ದಾರಿ ಹಿಡಿದಿದ್ದೀಯ" ಅಂದ ತಮ್ಮ. "ಹಾಗಾದ್ರೆ ಇಳಿ ಕೆಳಗೆ, ನೀನು ನನ್ನ ತಮ್ಮನೇ ಅಲ್ಲ" ಅಂದರು ಅಣ್ಣ. ಆಸ್ಪತ್ರೆಗೆ ಹೋಗಿ ನೋಡಿದರೆ ಹೃದಯದ ತೊಂದರೆಯೇ ಅಲ್ಲ, ಗ್ಯಾಸು. ಮಾವ ದೊಡ್ಡದೊಂದು ತೇಗು ತೇಗಿ ಎದ್ದು ಕೂತರು. ಆಮೇಲೂ ಎಷ್ಟೋ ವರ್ಷ ಗುಂಡುಕಲ್ಲಿನ ಹಾಗೆ ಇದ್ದರು. "ನಾನೇ ಬದುಕಿದ್ದೀನಲ್ರೋ, ಇನ್ಯಾತಕ್ಕೋ ನಿಮ್ಮ ಮುನಿಸು?" ಎಂದು ಕೇಳಿ ಕೇಳಿ ಸೋತರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಅಣ್ಣತಮ್ಮಂದಿರ ಜಗಳಕ್ಕೆ ಅಂಥ ಗಡುವೇನೂ ಇಲ್ಲ.

ಮಾವ ಹೋಗುವಾಗ ಒಂದು ಉಪಾಯ ಮಾಡಿದರು. ಆ ಕಾರನ್ನು ಇಬ್ಬರ ಹೆಸರಿಗೂ ಬರೆದಿಟ್ಟರು. ಒಂದೇ ಕಾರು ಇಬ್ಬರಿಗಿದ್ದರೆ ಮಾತಾಡದೆ ಎಲ್ಲಿಗೆ ಹೋಗುತ್ತಾರೆ ಎಂದು ಅವರ ಲೆಕ್ಕ. ಪಾಪ, ಮಕ್ಕಳನ್ನು ಹೆತ್ತಿದ್ದರೇ ಹೊರತು ಅವರ ಹಟ ಎಷ್ಟೆಂದು ಅಳೆದಿರಲಿಲ್ಲ. ಒಂದು ವಾರ ಇವರಿಗೆ, ಒಂದು ವಾರ ಅವನಿಗೆ ಎಂದು ನನ್ನ ಮೂಲಕವೇ ತೀರ್ಮಾನವಾಯಿತು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಮೈದುನ ಹಾಜರು. ಒಂದು ಭಾನುವಾರ ಕಾರು ತಂದು ಬಿಡುವುದಕ್ಕೆ, ಮತ್ತೊಂದು ಭಾನುವಾರ ಕೊಂಡೊಯ್ಯುವುದಕ್ಕೆ. ಟೀ ಕುಡಿಯುತ್ತಾ ನನ್ನ ಮುಖ ನೋಡಿಕೊಂಡು ಗಟ್ಟಿಯಾಗಿ ಹೇಳುತ್ತಿದ್ದ: "ಅತ್ತಿಗೆ, ಕ್ಲಚ್ ಸ್ವಲ್ಪ ಸಡಿಲ ಆಗಿದೆ." ಪೇಪರಿನ ಹಿಂದಿನಿಂದ ಇವರ ಉತ್ತರ: "ಕ್ಲಚ್ ಸರಿಯಾಗೇ ಇದೆ, ಓಡಿಸೋರ ಕಾಲು ಸಡಿಲ ಅಂತ ಹೇಳು." ಅವನು ಹೋದ ಮೇಲೆ ಇವರು ಪೇಪರು ಮಡಿಸಿ, "ಸೊರಗಿದ್ದಾನೆ ಅಲ್ವಾ?" ಎಂದು ನನ್ನನ್ನು ಕೇಳುತ್ತಿದ್ದರು. ಪೇಪರಿನಲ್ಲಿ ಕಣ್ಣಿಗೊಂದು ತೂತು ಮಾಡಿಕೊಂಡಿದ್ದರೋ ಏನೋ.

ಹೀಗಿರುವಾಗ ಒಂದು ಭಾನುವಾರ ಪಕ್ಕದ ಮನೆಯವರು ಮನೆ ಖಾಲಿ ಮಾಡಿದರು. ಸಾಮಾನಿನ ಲಾರಿಯವನು ಹಿಂದೆ ಮುಂದೆ ನೋಡದೆ ರಿವರ್ಸ್ ತಂದು, ನಮ್ಮ ಮನೆಯ ಮುಂದೆ ನಿಂತಿದ್ದ ಕಾರನ್ನು ಒತ್ತಿಕೊಂಡು ಹೋಗಿ ಗೋಡೆಗೆ ಸೇರಿಸಿದ. ಮೈದುನ ಆಗಷ್ಟೇ ಕೀಲಿಕೈಯನ್ನು ಕಿಟಕಿಯ ಮೇಲಿಟ್ಟಿದ್ದ, ಇವರು ಇನ್ನೂ ಕೈಗೆತ್ತಿಕೊಂಡಿರಲಿಲ್ಲ. ಇಬ್ಬರೂ ಹೊರಗೆ ಓಡಿದರು. ಕಾರಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತು, ಇಬ್ಬರೂ ನನ್ನ ಕಡೆಗೇ ತಿರುಗಿ "ನೋಡಿದ್ಯಾ", "ನೋಡಿದ್ರಾ ಅತ್ತಿಗೆ" ಅಂದರು. ನನಗೇನು ಕಣ್ಣಿಲ್ಲವೇ?

ವಿಮಾ ಕಂಪನಿಯಿಂದ ಸರ್ವೇಯರ್ ಬಂದ. ತೀರಾ ಮೃದು ಸ್ವಭಾವದವನು, ಸತ್ತವರ ಮನೆಗೆ ಬಂದವನಂತೆ ಚಪ್ಪಲಿಯನ್ನು ಸದ್ದಾಗದಂತೆ ಬಿಟ್ಟು ಒಳಗೆ ಬಂದ. ಕಾರಿನ ಸುತ್ತ ನಡೆದು ಫೋಟೋ ತೆಗೆದಾಗಿತ್ತು.

"ಇದು ಟೋಟಲ್ ಲಾಸ್ ಮೇಡಂ. ರಿಪೇರಿ ಖರ್ಚು ಕಾರಿನ ಬೆಲೆಗಿಂತ ಜಾಸ್ತಿ ಆಗುತ್ತೆ. ಕಂಪನಿ ಲೆಕ್ಕದಲ್ಲಿ ಈ ಕಾರು ಇಲ್ಲ."

"ಹೊರಗೆ ನಿಂತಿದೆಯಲ್ಲಪ್ಪ."

"ನಿಂತಿದೆ. ಲೆಕ್ಕಕ್ಕಿಲ್ಲ."

"ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನು."

ದಾರಿ ಎರಡಿವೆ ಎಂದ. ಕಾರನ್ನು ಕಂಪನಿಗೆ ಕೊಟ್ಟು ಪೂರ್ತಿ ಹಣ ತೆಗೆದುಕೊಳ್ಳಬಹುದು. ಇಲ್ಲವೇ ಕಾರನ್ನು ನಾವೇ ಇಟ್ಟುಕೊಂಡರೆ ಗುಜರಿಯ ಬೆಲೆ ಕಳೆದು ಉಳಿದದ್ದನ್ನು ಕೊಡುತ್ತಾರೆ. ಆದರೆ ರಿಪೇರಿ ಮಾಡಿಸಿ, ತಪಾಸಣೆಯಲ್ಲಿ ಪಾಸಾಗದೆ ರಸ್ತೆಗೆ ಇಳಿಸುವ ಹಾಗಿಲ್ಲ. ಅದಕ್ಕೂ ಒಂದು ಗಡುವುಂಟು, ದಾಟಿದರೆ ಕಾರು ಗುಜರಿಗೇ. ಯಾವುದಾದರೂ ಸರಿ, ಇಬ್ಬರು ಮಾಲೀಕರೂ ಒಪ್ಪಬೇಕು.

"ನೀವೇನಂತೀರಿ ಸಾರ್?" ಎಂದು ಇವರನ್ನು ಕೇಳಿದ.

"ಚಿಕ್ಕೋರು ಏನಂತಾರೋ ಕೇಳಿ."

ಮೈದುನನ ಕಡೆ ತಿರುಗಿದ. "ನೀವು ಸಾರ್?"

"ದೊಡ್ಡೋರು ಹೇಳಿದ ಹಾಗೆ."

"ಅವರು ನಿಮ್ಮನ್ನ ಕೇಳಿ ಅಂತಿದ್ದಾರೆ."

"ಕೇಳಿಸ್ತು. ನಾನೂ ಅವರನ್ನೇ ಕೇಳಿ ಅಂತ ಹೇಳಿ."

ಪಾಪದ ಹುಡುಗ ಎರಡು ಕುರ್ಚಿಗಳ ನಡುವೆ ಕತ್ತು ತಿರುಗಿಸಿ ತಿರುಗಿಸಿ ಬೆವತುಹೋದ. ಇಬ್ಬರದೂ ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ನನ್ನ ಕೆಲಸವನ್ನು ಬೇರೆಯವರು ಮಾಡುವುದನ್ನು ಅದೇ ಮೊದಲ ಸಲ ನೋಡಿದೆ, ಎಂಥ ದರಿದ್ರದ ಕೆಲಸ ಅನ್ನಿಸಿತು. ಕೊನೆಗೆ ಇವರು "ಹೋದ್ರೆ ಹೋಗ್ಲಿ, ಹಳೇ ಡಬ್ಬ" ಅಂದರು. ಮೈದುನನೂ ನೆಲ ನೋಡುತ್ತಾ, "ಹೌದು ಅತ್ತಿಗೆ, ಎಷ್ಟು ದಿನ ಅಂತ ಎಳೆಯೋದು" ಅಂದ. ಅಷ್ಟು ವರ್ಷಗಳಲ್ಲಿ ಇಬ್ಬರೂ ಒಪ್ಪಿದ ಒಂದೇ ಮಾತು ಅದು.

ಆ ಕಾರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ನಿಜ. ಆದರೆ ಕಾರು ಹೋದರೆ ಭಾನುವಾರವೂ ಹೋಯಿತು. ಹಣ ಹಂಚಿಕೊಂಡರೆ ಮೈದುನ ನಮ್ಮ ಮನೆಗೆ ಬರುವುದಕ್ಕೆ ಇನ್ನು ಕಾರಣವೇ ಇರುವುದಿಲ್ಲ. ಊರಿನ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ನಾವು, ಮುಂದೆ ಯಾರದೋ ಸಾವಿನಲ್ಲಿ ಮುಖ ನೋಡಬೇಕು. ಇದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡದ ಜಾತಿ ಅದು.

"ಕಾರು ಇಟ್ಕೋತೀವಿ" ಅಂದೆ.

"ಮೇಡಂ, ಮಾಲೀಕರು..."

"ಮಾಲೀಕರು ಮಾತಾಡಿದಾಗ ಕೇಳು. ಅಲ್ಲೀತನಕ ನಾನು ಹೇಳಿದ್ದೇ ಮಾತು. ಯಾರಿಗಾದ್ರೂ ಬೇಡ ಅನ್ನಿಸಿದ್ರೆ ಇನ್ನೊಬ್ಬರ ಮುಖ ನೋಡಿ ಬೇಡ ಅನ್ನಲಿ."

ಇಬ್ಬರೂ ತೆಪ್ಪಗೆ ಸಹಿ ಹಾಕಿದರು.

ಕಾರು 'ಆಗುತ್ತೆ'ಯ ಗ್ಯಾರೇಜಿಗೆ ಹೋಯಿತು. ಆ ಮೆಕ್ಯಾನಿಕ್ಕಿನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತಿರಬೇಕು. ಏನು ಕೇಳಿದರೂ "ಆಗುತ್ತೆ" ಅನ್ನುತ್ತಾನೆ, ಅದಕ್ಕೇ ಆ ಹೆಸರು. ಯಾವಾಗ ಆಗುತ್ತೆ ಎಂದು ಮಾತ್ರ ಕೇಳಬಾರದು. ಕಾರನ್ನು ನೋಡಿ ಅವನು, ಬಾನೆಟ್ ಬಡಿದು ನೇರ ಮಾಡ್ತೀನಿ, ಮುರಿದ ಬ್ರೇಕ್ ಪೈಪು ಹೊಸದು ಹಾಕ್ತೀನಿ, ಎಡಗಡೆ ಮುಂದಿನ ಬಾಗಿಲು ಮಾತ್ರ ನೀವೇ ಗುಜರಿಯಲ್ಲಿ ಹುಡುಕಿ ತನ್ನಿ ಅಂದ. ಈ ಮಾತನ್ನು ನಾನು ಇಬ್ಬರಿಗೂ ದಾಟಿಸಿದೆ. ಇವರು "ನನಗ್ಯಾಕೆ ಹೇಳ್ತೀಯ" ಅಂದರು. ಮೈದುನ ಫೋನಿನಲ್ಲಿ "ನೋಡೋಣ ಅತ್ತಿಗೆ" ಅಂದ.

ಆ ಶನಿವಾರ ಇವರು ಸ್ನೇಹಿತರ ಮನೆಗೆ ಎಂದು ಹೇಳಿ ಹೋದವರು ಪ್ಯಾಂಟಿಗೆಲ್ಲ ಗ್ರೀಸು ಬಳಿದುಕೊಂಡು ಬಂದರು. ಇವರು ಅಂಚೆ ಕಚೇರಿಯ ಗುಮಾಸ್ತರು, ಇವರ ಸ್ನೇಹಿತರ ಮನೆಯಲ್ಲಿ ಗ್ರೀಸು ಎಲ್ಲಿಂದ ಬಂತು ಎಂದು ಯೋಚಿಸುತ್ತಿರುವಾಗಲೇ ಓರಗಿತ್ತಿಯ ಫೋನು. "ಅಕ್ಕ, ನಮ್ಮೋರು ಯಾರೋ ಸ್ನೇಹಿತರ ಮನೆಗೆ ಹೋಗಿ ಕೈ ಕೊಯ್ದುಕೊಂಡು ಬಂದಿದ್ದಾರೆ. ತುಕ್ಕು ತಗುಲಿದ ಹಾಗಿದೆ." ಅಣ್ಣನಿಗೆ ತಕ್ಕ ತಮ್ಮ, ಸುಳ್ಳು ಹೇಳುವುದಕ್ಕೂ ಇಬ್ಬರಿಗೂ ಒಂದೇ ಸುಳ್ಳು.

ಸೋಮವಾರ ಆಗುತ್ತೆಯ ಫೋನು ಬಂತು. "ಮೇಡಂ, ನಿಮ್ಮ ಕಾರಿಗೆ ಎಡಗಡೆ ಮುಂದೆ ಎಷ್ಟು ಬಾಗಿಲು?"

ಹೋಗಿ ನೋಡಿದರೆ ಗೋಡೆಗೆ ಒರಗಿ ಎರಡು ಬಾಗಿಲು ನಿಂತಿದ್ದವು, ಒಂದು ಕೆಂಪು, ಒಂದು ಹಸಿರು, ಎರಡೂ ಎಡಗಡೆಯ ಮುಂದಿನವೇ. ಇವರು ತಂದದ್ದಕ್ಕೆ ಗಾಜಿರಲಿಲ್ಲ, ಮೈದುನ ತಂದದ್ದಕ್ಕೆ ಹಿಡಿಕೆಯಿರಲಿಲ್ಲ. ಎರಡನೆಯ ಬಾಗಿಲನ್ನು ಎತ್ತಿ ಇಡುವಾಗ ಆಗುತ್ತೆಯ ಸೊಂಟ ಹಿಡಿದುಕೊಂಡಿತ್ತು. ಬೆಂಚಿನ ಮೇಲೆ ಬಿಸಿನೀರಿನ ಚೀಲಕ್ಕೆ ಬೆನ್ನು ಕೊಟ್ಟು ಬಿಲ್ಲಿನ ಹಾಗೆ ಕೂತಿದ್ದ.

"ಒಂದು ಮಾತಾಡಿದ್ರೆ ಒಂದು ಬಾಗಿಲಲ್ಲಿ ಮುಗೀತಿತ್ತು" ಅಂದ. ಸಿಟ್ಟಾಗಿದ್ದರೂ ಅವನ ಮಾತಿನಲ್ಲಿ ನ್ಯಾಯವಿತ್ತು.

ಹೇಗೋ ಒಂದರ ಗಾಜನ್ನು ಇನ್ನೊಂದಕ್ಕೆ ಹಾಕಿ ಕೆಂಪು ಬಾಗಿಲನ್ನು ಕೂರಿಸಿದ್ದಾಯಿತು. ಬ್ರೇಕಿನ ಹೊಸ ಪೈಪೂ ಬಂತು. ತಪಾಸಣೆಗೆ ಹೋಗುವ ಹಿಂದಿನ ದಿನ ನಾನು ಕೇಳಿದೆ, "ಎಲ್ಲಾ ಮುಗೀತಲ್ಲ? ನಾಳೆ ಪಾಸಾಗುತ್ತಲ್ಲ?"

"ಆಗಲ್ಲ" ಅಂದ. ಅವನ ಬಾಯಲ್ಲಿ ಆ ಮಾತನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ. "ಬ್ರೇಕ್ ಪೈಪಲ್ಲಿ ಗಾಳಿ ಸೇರಿದೆ ಮೇಡಂ. ಅದು ಹೋಗದೆ ಬ್ರೇಕ್ ಹಿಡಿಯಲ್ಲ, ಬ್ರೇಕ್ ಹಿಡೀದೆ ಪಾಸಾಗಲ್ಲ. ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಒಬ್ಬರು ಕೆಳಗೆ ಮಲಗಿ ಚಕ್ರದ ಹತ್ತಿರ ತಿರುಪು ಬಿಚ್ಚಿ ಗಾಳಿ ಬಿಡಬೇಕು. ನನಗೆ ಮಲಗಿದ್ರೆ ಏಳೋಕಾಗಲ್ಲ. ನನ್ನ ಸೊಂಟ ಮುರಿದೋರೇ ಬಂದು ಮಾಡ್ಲಿ."

ನಾಳೆ ತಪ್ಪಿದರೆ ಗಡುವು ಮುಗಿದು ಕಾರು ಗುಜರಿಗೆ. ಇಬ್ಬರಿಗೂ ಫೋನು ಮಾಡಿದೆ. ಇಬ್ಬರೂ ಬಂದರು. ಮೈದುನ ಆಸ್ಪತ್ರೆಯಲ್ಲಿ ನೀರಿನ ಪೈಪು ನೋಡಿಕೊಳ್ಳುವವನು, ಸ್ಪ್ಯಾನರ್ ಹಿಡಿದು ಕಾರಿನ ಕೆಳಗೆ ನುಸುಳಿದ. ಇವರು ಸ್ಟೀರಿಂಗಿನ ಮುಂದೆ ಕೂತರು. ನಾನು ನಡುವೆ ನಿಂತೆ, ಮಾಮೂಲಿನಂತೆ.

"ಅತ್ತಿಗೆ, ಒತ್ತೋಕೆ ಹೇಳಿ."

"ರೀ, ಒತ್ತಬೇಕಂತೆ."

"ಒತ್ತಿದ್ದೀನಿ ಅಂತ ಹೇಳು."

"ಒತ್ತಿದ್ದಾರಂತೆ ಕಣಪ್ಪ."

"ನಾನು ತಿರುಪು ಮುಚ್ಚೋ ತನಕ ಕಾಲು ತೆಗೀಬಾರ್ದು ಅನ್ನಿ."

"ರೀ, ಅವನು ತಿರುಪು..." ಅನ್ನುವಷ್ಟರಲ್ಲಿ ಇವರು ಕಾಲು ತೆಗೆದಾಗಿತ್ತು. ಬಿಟ್ಟ ಗಾಳಿಯೆಲ್ಲ ಬುಸ್ಸೆಂದು ವಾಪಸು ಒಳಗೆ ಹೋಯಿತು. ಮತ್ತೆ ಮೊದಲಿಂದ. ಈ ಸಲ ಇವರು ಬೇಗ ಒತ್ತಿ, ಆಯಿಲ್ ಚಿಮ್ಮಿ ಮೈದುನನ ಮುಖಕ್ಕೆ ಹಾರಿತು. ಅವನು ಕೆಮ್ಮಿದ. ಇವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ಕಣ್ಣಿಗೆ ಬಿತ್ತಾ ಕೇಳು" ಅಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು, ನಡುವೆ ನನ್ನ ಗಂಟಲು ಒಣಗಿತು.

ನನಗೆ ರೇಗಿಹೋಯಿತು. "ನೀವೇ ಕೇಳಿಕೊಳ್ಳಿ. ಈ ಪೈಪಿನಲ್ಲಿ ಇನ್ನು ಏನೂ ದಾಟಲ್ಲ. ಕಾರು ಗುಜರಿಗಾದ್ರೂ ಹೋಗ್ಲಿ, ಹೊಳೆಗಾದ್ರೂ ಹೋಗ್ಲಿ" ಅಂದು ಹೋಗಿ ಆಗುತ್ತೆಯ ಬೆಂಚಿನ ಮೇಲೆ ಕೂತುಬಿಟ್ಟೆ. ಬಾಯಲ್ಲಿ ಹಾಗಂದೆನೇ ಹೊರತು ಕಣ್ಣು ಕಾರಿನ ಕಡೆಗೇ ಇತ್ತು. ಇಬ್ಬರಲ್ಲಿ ಒಬ್ಬರು ಎದ್ದು ಹೊರಗೆ ನಡೆದರೆ ಅಲ್ಲಿಗೆ ಎಲ್ಲ ಮುಗಿದಂತೆ. ಆಗುತ್ತೆ ನನಗೆ ಒಂದು ಲೋಟ ಟೀ ಕೊಟ್ಟ. ಕುಡಿಯಲು ಮನಸ್ಸಾಗಲಿಲ್ಲ.

ಮೈದುನನ ಕಾಲುಗಳೆರಡು ಕಾರಿನ ಕೆಳಗಿನಿಂದ ಹೊರಗೆ ಚಾಚಿಕೊಂಡಿದ್ದವು. ಇವರ ತಲೆ ಒಳಗೆ ಕಾಣುತ್ತಿತ್ತು. ಇಬ್ಬರೂ ಅಲ್ಲಾಡಲಿಲ್ಲ. ಆಮೇಲೆ ಕಾರಿನ ಕೆಳಗಿನಿಂದ ಒಂದು ಧ್ವನಿ ಬಂತು.

"ಒತ್ತು."

ಇವರು ತಲೆಯೆತ್ತಿ ನನ್ನ ಬೆಂಚಿನ ಕಡೆ ನೋಡಿದರು. ನಾನು ಟೀ ಲೋಟದ ಕಡೆ ನೋಡಿದೆ.

"ಒತ್ತಿದ್ದೀನಿ" ಅಂದರು ಇವರು.

"ಹಾಂ. ಈಗ ಬಿಡು."

"ಬಿಟ್ಟೆ."

"ಒತ್ತು."

"ಒತ್ತಿದೆ."

ನನಗೆ ಅಳು ಬಂತು. ಜೊತೆಗೇ ಇಬ್ಬರ ಕಪಾಳಕ್ಕೂ ಒಂದೊಂದು ಬಿಡುವಷ್ಟು ಸಿಟ್ಟೂ ಬಂತು. ಇಷ್ಟೇ ಇಷ್ಟು ಮಾತಿಗೆ ಮಾವ ಎಷ್ಟು ವರ್ಷ ಕಾದರು. ನೋಡದೆಯೇ ಹೋಗಿಬಿಟ್ಟರು.

ಮೂರನೆಯ ಚಕ್ರದ ತಿರುಪು ತುಕ್ಕು ಹಿಡಿದಿತ್ತು. ಮೈದುನ ತಿಣುಕಿದ, ಸ್ಪ್ಯಾನರ್ ಜಾರಿತು. ಇವರು ಪೆಡಲಿನ ಮೇಲೆ ಮೈಭಾರವನ್ನೆಲ್ಲ ಹಾಕಿ ಎದ್ದು ನಿಂತವರಂತೆ ಕೂತಿದ್ದರು. ಕಾಲು ನಡುಗುವುದು ನನಗೆ ಬೆಂಚಿನಿಂದಲೇ ಕಾಣುತ್ತಿತ್ತು.

"ಬಿಡಬೇಡ ಅಣ್ಣ" ಎಂದ ಮೈದುನ.

"ಬಿಡಲ್ಲ ಕಣೋ. ನೀನು ನಿಧಾನಕ್ಕೆ ಮಾಡು."

ನಾಲ್ಕನೆಯ ಚಕ್ರವೂ ಮುಗಿಯಿತು. ಆಗುತ್ತೆ ಸೊಂಟ ಹಿಡಿದುಕೊಂಡು ಎದ್ದು ಹೋಗಿ, ಬಾಟಲಿಗೆ ಇಳಿದ ಆಯಿಲನ್ನು ಬೆಳಕಿಗೆ ಹಿಡಿದು ನೋಡಿದ. ಒಂದು ಗುಳ್ಳೆಯೂ ಇರಲಿಲ್ಲ. ಇವರಿಂದ ಇನ್ನೊಮ್ಮೆ ಪೆಡಲ್ ಒತ್ತಿಸಿ ನೋಡಿದ, ಕಲ್ಲಿನ ಹಾಗೆ ಗಟ್ಟಿಯಾಗಿತ್ತು. "ಆಯ್ತು ಸಾರ್, ಇಳೀರಿ" ಅಂದ.

ಇವರು ಇಳಿಯಲಿಲ್ಲ. ಮೈದುನನೂ ಹೊರಗೆ ಬರಲಿಲ್ಲ.

"ನನಗ್ಯಾಕೋ ಇನ್ನೂ ಸ್ವಲ್ಪ ಮೆತ್ತಗಿದೆ ಅನ್ನಿಸುತ್ತೆ" ಅಂದರು ಇವರು. ನನಗಲ್ಲ, ಮೆಕ್ಯಾನಿಕ್ಕಿಗೂ ಅಲ್ಲ. "ಮೊದಲನೇ ಚಕ್ರದಿಂದ ಇನ್ನೊಂದ್ಸಲ ನೋಡೋಣ್ವೇನೋ?"

ಮೈದುನನ ಕಾಲುಗಳು ಆಗಲೇ, ಮೊದಲು ಬಿಚ್ಚಿದ್ದ ಹಿಂದಿನ ಚಕ್ರದ ಕಡೆಗೆ ಸರಿಯುತ್ತಿದ್ದವು. "ನನಗೂ ಅನುಮಾನ ಇತ್ತು. ಒತ್ತು."

ಆಗುತ್ತೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಮೇಡಂ, ಅದರಲ್ಲಿ ಗಾಳಿ ಇಲ್ಲ. ಆಯಿಲೂ ಖಾಲಿ ಆಯ್ತು."

"ಇನ್ನೊಂದು ಡಬ್ಬಿ ತೆಗೀರಿ" ಅಂದೆ.