ಕೆನ್ನೆಗಿಟ್ಟ ಕೈ

ಸೂಲಗಿತ್ತಿ ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ದನಿ ತಗ್ಗಿಸಿ ತೊಕುವಿಗೆ ಹೇಳಿದ್ದಳು: "ನಿನ್ನ ಸೊಸೆ ಹಗಲಲ್ಲಿ ಮಲಗ್ಬೇಕು. ಹಿಂಗೇ ದುಡೀತಾ ಇದ್ರೆ ಈ ಮಗೂನೂ ಕೈಗೆ ಬರೋದಿಲ್ಲ. ತಾಯಿ ಗತಿ ಏನು ಅಂತ ನನ್ನ ಕೇಳ್ಬೇಡ."

ಹೋದ ವರ್ಷ ಸೊಸೆ ಫುಮಿಯೆಯ ಮೊದಲ ಬಸಿರು ಅರ್ಧಕ್ಕೇ ಇಳಿದುಹೋಗಿತ್ತು. ಈ ಸಲ ಅವಳ ಕಾಲು ಬಾತಿತ್ತು, ತುಟಿ ಬಿಳಿಚಿತ್ತು. ಅಂದಿನಿಂದ ತೊಕು ಊಟವಾದೊಡನೆ, "ಹೋಗೇ, ಮಲಕ್ಕೋ" ಎನ್ನುವಳು. "ಹ್ಞೂಂ ಅತ್ತೆ" ಎಂದು ಸೊಸೆ ಒಳಗೆ ಹೋಗುವಳು. ತೊಕು ಕೊಟ್ಟಿಗೆಯ ಪಕ್ಕದಲ್ಲಿ ಭತ್ತದ ಹುಲ್ಲಿನ ಚೀಲ ಹೆಣೆಯಲು ಕೂರುವಳು. ಹುಲ್ಲನ್ನು ಬಿಗಿಸುವ ಹೆಣಿಗೆಯ ಹಲಗೆ ನಾಲ್ಕು ಸಲ ಬಡಿಯುವಷ್ಟರಲ್ಲಿ ಫುಮಿಯೆ ಬಂದು ಪಕ್ಕದಲ್ಲಿ ಕೂತು ಹುಲ್ಲು ಎತ್ತಿಕೊಡತೊಡಗುವಳು.

"ಮಲಗಿದ್ಯಾ?"

"ಮಲಗಿದ್ದೆ ಅತ್ತೆ."

ಒಳಗೆ ಹಾಸಿಗೆ ಬಿಚ್ಚಿದ ಗುರುತೂ ಇರುತ್ತಿರಲಿಲ್ಲ.

ತೊಕುವಿಗೆ ಒಂದು ಉಪಾಯ ಹೊಳೆಯಿತು. ಹೊಳೆದದ್ದೇನೋ ನಿಜ, ಅದನ್ನು ನುಂಗಿಕೊಳ್ಳುವುದಕ್ಕೆ ಮಾತ್ರ ಅವಳಿಗೆ ಹಲವು ದಿನ ಹಿಡಿಯಿತು. ತಿಂಗಳಿಗೊಮ್ಮೆ, ಹತ್ತೊಂಬತ್ತನೆಯ ದಿನ, ಊರ ಹೆಂಗಸರು ಗುಡಿಯ ಪಕ್ಕದ ಹಜಾರದಲ್ಲಿ ಸೇರುತ್ತಿದ್ದರು. ಬಸುರಿ ಬಾಣಂತಿಯರನ್ನು ಕಾಯುವ ದೇವತೆ ಕನ್ನೋನ್ ತಾಯಿಯ ಚಿತ್ರಪಟ ತೂಗುಹಾಕಿ, ದೀಪ ಹಚ್ಚಿ, ಹಾಡು ಹೇಳಿ, ಚಹಾ ಕುಡಿದು ಬರುವರು. ಅಷ್ಟು ಹೊತ್ತು ಗಂಡನಾಗಲಿ ಅತ್ತೆಯಾಗಲಿ ಯಾರನ್ನೂ ಕೆಲಸಕ್ಕೆ ಕರೆಯುವಂತಿರಲಿಲ್ಲ. ಆದರೆ ಮನೆಗೊಂದೇ ಜಾಗ. ತೊಕುವಿನ ಅತ್ತೆ ತನ್ನ ಮೊಣಕಾಲು ಸೋಲುವವರೆಗೂ ಆ ಜಾಗ ಬಿಟ್ಟುಕೊಟ್ಟಿರಲಿಲ್ಲ. ಅದು ಸಿಕ್ಕಿದ ಮೇಲೆ ತೊಕುವಿಗೆ ತಿಂಗಳಲ್ಲಿ ತನ್ನದು ಅನ್ನುವ ಹೊತ್ತು ಅದೊಂದೇ. ಅವಳು ಹಾಡುವವಳಲ್ಲ. ಹಿಂದೆ ಕೂತು, ಕಣ್ಣು ಮುಚ್ಚಿ, ಸುಮ್ಮನೆ ಕೇಳುವವಳು. ಪದಗಳು ಮೈಮೇಲೆ ಬೆಚ್ಚಗಿನ ನೀರಿನಂತೆ ಇಳಿಯುತ್ತಿದ್ದವು. ಜಾಗವನ್ನು ಸೊಸೆಗೆ ಬಿಟ್ಟುಕೊಟ್ಟರೆ ಅದು ಮತ್ತೆ ತನಗಿಲ್ಲ.

ಹೊಲದ ಬದುಗಳಲ್ಲಿ ಪ್ಲಮ್ ಹೂ ಬಿಟ್ಟ ತಿಂಗಳಲ್ಲಿ ಅವಳು ಸೊಸೆಯನ್ನು ಕರೆದುಕೊಂಡು ಹಜಾರಕ್ಕೆ ಹೋದಳು. ಕೂಟದ ಹಿರಿಯಳಾದ ಹಿಸ ಅಜ್ಜಿಯ ಮುಂದೆ ಚಾಪೆಗೆ ಹಣೆ ಹಚ್ಚಿ, "ಇನ್ಮೇಲೆ ನಮ್ಮನೆಯಿಂದ ಇವಳು. ಏನೂ ತಿಳಿಯದವಳು, ಕೈಹಿಡಿದು ನಡೆಸಿ" ಎಂದಳು.

"ತೊಕು ಜಾಗ ಬಿಟ್ಟುಕೊಟ್ಲಾ?" ಎಂದಳು ಹಿಸ ಅಜ್ಜಿ. "ನಾಳೆ ನಮ್ಮ ನದಿ ಹಿಂದಕ್ಕೆ ಹರಿದ್ರೂ ಹರೀಬಹುದು. ನಿಮ್ಮತ್ತೆ ಈ ಜಾಗಕ್ಕೆ ಅಂಟಿಕೊಂಡಿದ್ದು ನೆನಪಿದೆಯೇನೇ?"

"ನೆನಪಿದೆ ಅಜ್ಜಿ. ಅದಕ್ಕೇ ಬಿಟ್ಟೆ."

ಹೆಂಗಸರು ನಕ್ಕರು. ಜಾಗ ಒಪ್ಪಿಸಿಕೊಡುವ ದಿನ ಮಾತ್ರ ಹಳಬಳೂ ಕೂರಬಹುದಿತ್ತು. ತೊಕು ಬಾಗಿಲ ಹತ್ತಿರ ಕೂತಳು. ಇನ್ನಾದರೂ ಇವಳು ಕೂತಿರುತ್ತಾಳೆ ಎಂದುಕೊಂಡಳು. ಒಂದನ್ನು ಅವಳು ಮರೆತಿದ್ದಳು: ಹೊಸದಾಗಿ ಸೇರಿದವಳೇ ಚಹಾ ಬಗ್ಗಿಸಬೇಕು, ಬಟ್ಟಲು ತೊಳೆಯಬೇಕು.

ಫುಮಿಯೆ ನೆಲಕ್ಕೆ ಕೈಯೂರಿ ಎದ್ದು, ಭಾರದ ಕೆಟಲು ಹಿಡಿದು ಸಾಲಾಗಿ ಬಗ್ಗಿಸುತ್ತ ಬಂದಳು.

"ಅಯ್ಯೋ, ಬಸುರಿ ಹೆಂಗಸು. ಕೂತ್ಕೋ ತಾಯಿ, ನೀನ್ಯಾಕೆ?" ಎಂದಳು ಒಬ್ಬಳು, ಬಟ್ಟಲನ್ನು ಮುಂದಕ್ಕೆ ಚಾಚುತ್ತ.

"ಕಾಲು ನೋಡ್ರೇ, ಹೆಂಗೆ ಬಾತಿದೆ. ಸಾಕು ಕೂತ್ಕೊಳ್ಳೇ. ನಂಗೆ ಅರ್ಧ ಬಟ್ಟಲು ಸಾಕು," ಎಂದಳು ಇನ್ನೊಬ್ಬಳು.

ಬಾಯಿ ಕೂತ್ಕೋ ಅನ್ನುತ್ತಿತ್ತು, ಕೈ ಬಟ್ಟಲು ಚಾಚುತ್ತಿತ್ತು. ತೊಕುವಿಗೆ ಸಿಟ್ಟು ಬಂತು. ಅಷ್ಟರಲ್ಲಿ ಫುಮಿಯೆ ಅವಳ ಮುಂದೆಯೂ ಬಂದು ಬಗ್ಗಿದಳು. ತೊಕು ಕೆಳಗೆ ನೋಡಿದಳು. ಅವಳ ಬಟ್ಟಲೂ ಅವಳ ಕೈಯಲ್ಲೇ ಇತ್ತು, ಚಾಚಿಯೇ ಇತ್ತು.

ಹಾಡು ಶುರುವಾಯಿತು. ಹಿಸ ಅಜ್ಜಿ ಎತ್ತಿಕೊಟ್ಟಳು, ಉಳಿದವರು ದನಿಗೂಡಿಸಿದರು. ತೊಕು ಎಂದಿನಂತೆ ಕಣ್ಣು ಮುಚ್ಚಲಿಲ್ಲ. ಪಟದಲ್ಲಿ ತಾಯಿ ಒಂದು ಮೊಣಕಾಲು ಎತ್ತಿ, ಒರಗಿದಂತೆ ಕೂತಿದ್ದಳು.

ಆರು ಕೈಯ ತಾಯಿ ನೀನು,
ಲೋಕಕೆಲ್ಲ ಐದು ಕೈ,
ಕೆನ್ನೆಗಿಟ್ಟೆ ಒಂದು ಕೈ.

ಈ ಸಾಲನ್ನು ಅವಳು ಎಷ್ಟು ಸಲ ಕೇಳಿದ್ದಳೋ. ಕೆನ್ನೆಗೆ ಕೈಯಿಟ್ಟು ತಾಯಿ ಜಗತ್ತಿನ ಕಷ್ಟ ಯೋಚಿಸುತ್ತಿದ್ದಾಳೆ ಎಂದು ಭಿಕ್ಷುಗಳು ಅರ್ಥ ಹೇಳುತ್ತಿದ್ದರು. ಇರಬಹುದು. ಆದರೆ ಇವತ್ತು ತೊಕುವಿಗೆ ಕಂಡದ್ದೇ ಬೇರೆ. ಈ ತಾಯಿ ಯಾರಿಗೂ ಕೂತ್ಕೋ ಎಂದು ಹೇಳುತ್ತಿಲ್ಲ. ತಾನೇ ಕೂತಿದ್ದಾಳೆ. ಅದನ್ನು ನೋಡಿಯೇ ಇಷ್ಟು ಹೆಂಗಸರು ತಿಂಗಳಿಗೊಮ್ಮೆ ಕೂರುವ ಧೈರ್ಯ ಮಾಡಿದ್ದಾರೆ.

ಹಾಡು ಮುಗಿದ ಮೇಲೆ ತೊಕು ಎದ್ದು, ಸೊಸೆಯ ಕೈಯಿಂದ ಬಟ್ಟಲುಗಳ ತಟ್ಟೆ ಕಿತ್ತುಕೊಂಡು ತಾನೇ ತೊಳೆದಳು. ಹಿಸ ಅಜ್ಜಿ ಪಟದ ಮುಂದೆ ಉರಿದುಳಿದ ಮೇಣದಬತ್ತಿಯ ತುಂಡನ್ನು, ಹೆರಿಗೆಯ ಹೊತ್ತಿಗೆ ಹಚ್ಚಲೆಂದು, ಫುಮಿಯೆಯ ಕೈಗಿತ್ತಳು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಹೆಣೆಯದ ಹುಲ್ಲು ರಾಶಿ ಬಿದ್ದಿತ್ತು, ಮಧ್ಯಾಹ್ನದ ಪಾತ್ರೆ ನೀರಲ್ಲಿ ನೆನೆಯುತ್ತಿತ್ತು. ತೊಕು ಯಾವುದರ ಕಡೆಗೂ ಹೋಗಲಿಲ್ಲ. ನಡುಮನೆಯಲ್ಲಿ ಎರಡು ಹಾಸಿಗೆ ಬಿಚ್ಚಿದಳು. ರಸ್ತೆಯ ಕಡೆಯ ಬಾಗಿಲು ತೆರೆದೇ ಇತ್ತು. ಒಂದರ ಮೇಲೆ ಮಲಗಿ ರಗ್ಗು ಎಳೆದುಕೊಂಡಳು.

ಫುಮಿಯೆ ಗಾಬರಿಯಿಂದ ಬಂದಳು. "ಅತ್ತೆ, ಮೈ ಸರಿಯಿಲ್ವಾ? ಜ್ವರವಾ?"

"ಇಲ್ಲ."

"ಮತ್ತೆ?"

"ಮಲಗಿದೀನಿ."

ಫುಮಿಯೆ ನಿಂತೇ ಇದ್ದಳು. "ಪಾತ್ರೆ ತೊಳೆದು ಬರ್ಲಾ?"

"ನೀನು ಹೋದ್ರೆ ನಾನೂ ಎದ್ದು ಬರ್ತೀನಿ. ಹುಲ್ಲು ಹಿಡಿದ್ರೆ ನಾನೂ ಹಿಡೀತೀನಿ. ನೋಡು, ನಿನಗೆ ಬಿಟ್ಟಿದ್ದು."

"ರಸ್ತೇಲಿ ಹೋಗೋರು ನೋಡ್ತಾರೆ ಅತ್ತೆ."

"ನೋಡ್ಲಿ. ಅತ್ತೇನೇ ಬಿದ್ಕೊಂಡಿದಾಳೆ ಅಂತಾರೆ. ನಿನ್ನ ಯಾರೂ ಅನ್ನೋದಿಲ್ಲ."

ಸೊಸೆ ಹಾಸಿಗೆಯ ಅಂಚಿನಲ್ಲಿ ಕೂತಳು. ಆಮೇಲೆ ಒಂದು ಪಕ್ಕಕ್ಕೆ, ಹೊಟ್ಟೆಯನ್ನು ಜೋಪಾನವಾಗಿ ಇಳಿಸಿ, ಮಲಗಿದಳು. ತೊಕುವಿಗೆ ಮಲಗುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಕೈಗಳು ಎಲ್ಲಿಟ್ಟರೂ ತುಡಿಯುತ್ತಿದ್ದವು. ಕೋಳಿ ಕೂಗಿದರೆ ಏಳಬೇಕೆನಿಸುವುದು, ಗಾಳಿ ಬೀಸಿದರೆ ಒಣಗಿಹಾಕಿದ ಮೂಲಂಗಿ ನೆನಪಾಗುವುದು. ಸೊಸೆ ಕಳ್ಳಗಣ್ಣಿನಿಂದ ತನ್ನನ್ನೇ ನೋಡುತ್ತಿರುವುದು ಅವಳಿಗೆ ತಿಳಿಯುತ್ತಿತ್ತು. ಕೊನೆಗೆ ಒಂದು ಕೈಯನ್ನು ಕೆನ್ನೆಯ ಕೆಳಗೆ ಇಟ್ಟುಕೊಂಡಳು. ಅಲ್ಲಿ ಅದು ಸುಮ್ಮನಾಯಿತು.

ಮಗ ಸೇಜಿ ಗದ್ದೆಯಿಂದ ಬಂದು ಹೊಸ್ತಿಲಲ್ಲೇ ನಿಂತ. "ಏನಮ್ಮಾ, ಇಬ್ರೂ? ಡಾಕ್ಟರ್ನ ಕರೀಲಾ?"

"ಮೆಲ್ಲಗೆ ಮಾತಾಡು," ಎಂದಳು ತೊಕು, ಏಳದೆ. "ಅವಳೀಗ ನಿದ್ದೆ ಹೋದ್ಲು. ಅಕ್ಕಿ ಮಡಕೇಲಿದೆ. ನೀರು ಎಷ್ಟು ಹಾಕ್ಬೇಕು ಅಂತ ಗೊತ್ತಿಲ್ದಿದ್ರೆ ನಾಳೆ ಹೇಳ್ತೀನಿ."

ಅವನು ತಲೆ ಕೆರೆದುಕೊಂಡು ಕಾಲು ಒರೆಸಿ ಒಳಗೆ ಹೋದ. ಒಲೆಯ ಹತ್ತಿರ ಏನೋ ಬಿತ್ತು. ತೊಕು ಸೊಸೆಯ ಉಸಿರನ್ನು ಕೇಳುತ್ತ ಮಲಗಿದ್ದಳು. ಹಾಡು ಕೇಳುವಾಗ ಮುಚ್ಚುವಂತೆಯೇ ಅವಳ ಕಣ್ಣುಗಳು ಮುಚ್ಚಿಕೊಂಡವು.