ಸೌಮ್ಯಳ ಕೈಗುಣ

ರಾಮನಗರದ ವೇದಿಕೆಯ ಮೇಲೆ ನನ್ನ ವಾರಗಿತ್ತಿ ಸೌಮ್ಯಳಿಗೆ ಶಾಲು ಹೊದಿಸುತ್ತಿದ್ದರೆ ನನ್ನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಸುಳ್ಳು ಏಕೆ ಹೇಳಲಿ? ನಮ್ಮ ಕಡೆ ಹಳ್ಳಿ ಗ್ರಂಥಾಲಯದ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ಇವಳೇ ಎಂದು ಮೈಕಿನಲ್ಲಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸದ್ದಾಗದ ಹಾಗೆ.

ಆ ಕುರ್ಚಿ ನನ್ನದು. ನಮ್ಮಿಬ್ಬರಲ್ಲಿ ಓದಿನ ಹುಚ್ಚಿದ್ದದ್ದು ನನಗೆ. ಸಾಮಾನು ಕಟ್ಟಿ ಕೊಟ್ಟ ಪೇಪರನ್ನೂ ಬಿಡಿಸಿ ಓದುತ್ತಿದ್ದವಳು ನಾನು. ಪಿಯುಸಿ ಇಬ್ಬರದೂ ಆಗಿತ್ತು, ಫಸ್ಟ್ ಕ್ಲಾಸ್ ಮಾತ್ರ ನನ್ನದು. ನಮ್ಮೂರು ಹೊಂಗನೂರಿನ ಗ್ರಂಥಾಲಯಕ್ಕೆ ಈ ಸಲ ಹೆಂಗಸರನ್ನೇ ತೆಗೆದುಕೊಳ್ಳುತ್ತಾರಂತೆ ಎಂಬ ಸುದ್ದಿ ಬಂದಾಗ, ಸೊಸೆಯರಲ್ಲಿ ಒಬ್ಬಳು ಹೋಗಲಿ, ಇನ್ನೊಬ್ಬಳು ರೇಷ್ಮೆ ಹುಳ ನೋಡಿಕೊಳ್ಳಲಿ ಎಂದಳು ಅತ್ತೆ ಕೆಂಚಮ್ಮ. ದೊಡ್ಡವಳು ನಾನು, ನಾನೇ ಹೋಗುವುದು ಎಂದುಕೊಂಡೆ. ಅಷ್ಟರಲ್ಲಿ ಕೂಟಗಲ್ಲಿನ ತವರಿಗೆ ಹೋಗಿ ಬಂದು ನೋಡಿದರೆ, ಸೌಮ್ಯ ಹಿಪ್ಪುನೇರಳೆ ಸೊಪ್ಪು ಹಾಕಿದ ಹುಳಗಳೆಲ್ಲ ಕೊಳೆತು ಸತ್ತಿದ್ದವು. ಅತ್ತೆ ಅಲ್ಲೇ ನಿಂತು ತೀರ್ಮಾನ ಮಾಡಿಬಿಟ್ಟಳು.

"ಇವ್ಳ ಕೈಗುಣ ಹುಳುಕ್ಕೆ ಆಗಾಕಿಲ್ಲ, ಇವ್ಳು ಪುಸ್ತಕ ಕಾಯ್ಲಿ. ನೀನು ಮುಟ್ಟುದ್ರೆ ಗೂಡು ಕಟ್ತವೆ ಕಣವ್ವ, ನೀನಿಲ್ಲೇ ಇರು."

ಹೀಗೆ ಹೊಗಳಿ ಹೊಗಳಿಯೇ ನನ್ನನ್ನು ಹುಳದ ಮನೆಯಲ್ಲಿ ಕೂರಿಸಿದಳು.

ಸೌಮ್ಯ ಸುಮ್ಮನೆ ಸಂಬಳ ತಿನ್ನಲಿಲ್ಲ, ಅದನ್ನೂ ಹೇಳಬೇಕಲ್ಲ. ಬೆಂಚಿನ ಮೇಲೆ ಕಾಲು ಚಾಚಿ ಪೇಪರ್ ಓದುತ್ತಿದ್ದ ಗಂಡಸರನ್ನು ಬೆಂಚಿನ ಸಮೇತ ಜಗಲಿಗೆ ಕಳಿಸಿದಳು. ಒಳಗೆ ಚಾಪೆ ಹಾಸಿ ಹೆಂಗಸರನ್ನು ಕರೆದಳು. ಬರಲಾಗದವರ ಹುಳದ ಮನೆಗಳಿಗೇ ಪುಸ್ತಕ ಹೊತ್ತು ಹೋದಳು. ಹುಳಕ್ಕೆ ವಾಸನೆ ಆಗದೆಂದು ಮುಡಿದ ಹೂವು ತೆಗೆದಿಟ್ಟು, ಹೊಸಿಲಿನಾಚೆ ನಿಂತು ಓದಿ ಹೇಳಿದಳು. ನನ್ನ ಬಾಗಿಲಿಗೂ ಬರುತ್ತಿದ್ದಳು. ನಾನು ಮುಖ ತಿರುಗಿಸಿ ಸೊಪ್ಪು ಹಾಕುತ್ತಿದ್ದೆ, ಆದರೆ ಒಂದು ಮಾತೂ ಬಿಡದೆ ಕೇಳುತ್ತಿದ್ದೆ. ಊರಿಗೆ ಅವಳು ಮೇಡಂ, ನಾನು ಹುಳದಕ್ಕ.

ವಾಪಸು ಬರುವ ಬಸ್ಸಿನಲ್ಲಿ ಆ ಶಾಲನ್ನು ನನ್ನ ಮಡಿಲಿಗೆ ಹಾಕಿ ಪಕ್ಕದಲ್ಲೇ ಕೂತಳು. ನನಗೆ ತಡೆಯಲಾಗಲಿಲ್ಲ. ನಿನ್ನ ಕೆಟ್ಟ ಕೈಗುಣವೇ ನಿನ್ನನ್ನು ಮೇಡಂ ಮಾಡಿತು ನೋಡು ಎಂದು ಚುಚ್ಚಿದೆ.

ಅವಳು ನನ್ನ ಕಿವಿಯ ಬಳಿ ಬಾಗಿ ಮೆಲ್ಲಗೆ ಅಂದಳು: "ಕೈಗುಣ ಅಲ್ಲ ಕಣಕ್ಕ. ಅವತ್ತು ಸೊಪ್ಪಿಗೆ ನೀರು ಚಿಮುಕ್ಸಿ ಹಾಕ್ದೆ, ಬೇಕೂಂತ್ಲೇ. ಅತ್ತೆ ತೀರ್ಕೊಂಡ್ರಲ್ಲ, ಅದ್ಕೆ ಈಗ ಯೋಳ್ತಿವ್ನಿ."

ಒದ್ದೆ ಸೊಪ್ಪು ತಿಂದರೆ ಹುಳ ಉಳಿಯುವುದಿಲ್ಲವೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹಾಳಾದವಳ ಜುಟ್ಟು ಹಿಡಿದು ಜಗ್ಗಬೇಕು ಎನಿಸಿತು. ಶಾಲನ್ನು ಮುಖಕ್ಕೆ ಎಸೆಯಲು ಎತ್ತಿದೆ, ಅದು ಕೈಯಲ್ಲೇ ಉಳಿಯಿತು. ಉರಿಯುತ್ತಿದ್ದದ್ದು ಸತ್ತ ಹುಳಕ್ಕಲ್ಲ, ಕಳೆದ ಕುರ್ಚಿಗೂ ಅಲ್ಲ. ಸೊಪ್ಪು ದಿನವೂ ನನ್ನ ಕೈಯಲ್ಲೇ ಇತ್ತು, ನೀರಿನ ಬಿಂದಿಗೆ ಬಾಗಿಲ ಬಳಿಯೇ ಇತ್ತು. ನನಗೇಕೆ ಹೊಳೆಯಲಿಲ್ಲ?