ಬಾಲದ ಮೇಷ್ಟ್ರ ಸಹಿ

ಬಲಗಡೆಗೆ ವಾಲಿಕೊಂಡು ನಡೆಯುವುದು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಕಂದು ಕೋಟಿನ ಬಲಜೇಬಿನಲ್ಲಿ ಹನ್ನೊಂದು ವರ್ಷ ಹೊತ್ತು ತಿರುಗಿದ ಟಿಪ್ಪಣಿ ಚೀಟಿಗಳ ಕಟ್ಟು ಕಲಿಸಿದ ನಡಿಗೆ ಅದು. ಇಂಗ್ಲಿಷ್ ಪದಗಳ ತುದಿಗೆ ಅಂಟಿಕೊಳ್ಳುವ 'ವೈ' ಎಂಬ ಒಂಟಿ ಅಕ್ಷರದ ಅರ್ಥವನ್ನೂ ಮೂಲವನ್ನೂ ಬರೆದುಕೊಡಲೆಂದೇ ನಮ್ಮ ನಿಘಂಟಿನ ಕಚೇರಿಗೆ ಮೂರು ತಿಂಗಳ ಮಟ್ಟಿಗೆಂದು ಬಂದು ಹನ್ನೊಂದು ವರ್ಷ ಉಳಿದವರು. ಪದಗಳ ಬಾಲ ಹಿಡಿದ ಅವರಿಗೆ ಬಾಲದ ಮೇಷ್ಟ್ರು ಎಂದು ಹೆಸರಿಟ್ಟವನು ಪಕ್ಕದ ಮೇಜಿನ ನಾನೇ.

ಪ್ರತಿ ಬರಹದ ಕೊನೆಗೆ ಬರೆದವರ ಸಂಕ್ಷಿಪ್ತ ಸಹಿ ಅಚ್ಚಾಗಬೇಕೆಂಬುದು ನಮ್ಮಲ್ಲಿನ ಕಟ್ಟಳೆ. ಜೀವಮಾನದಲ್ಲಿ ಅಂಥದೊಂದೇ ಒಂದು ಸಹಿ ಅವರ ಆಸೆ. ಧೂಳನ್ನು 'ಡಸ್ಟಿ' ಮಾಡುವ ವೈ ಹಳೆಯ ಇಂಗ್ಲಿಷಿನ ಸ್ವಂತ ಮಗು, 'ಜೆಲಸಿ'ಯ ವೈ ಫ್ರೆಂಚಿನ ದಾರಿ ಹಿಡಿದು ಲ್ಯಾಟಿನ್ನಿನಿಂದ ಬಂದದ್ದು ಎಂದು ಮೊದಲ ವರ್ಷವೇ ಬರೆದು ಮುಗಿಸಿದ್ದರು. ಸಿಕ್ಕಿಹಾಕಿಕೊಂಡದ್ದು 'ಡ್ಯಾಡಿ', 'ಡಾಗಿ' ಎಂದು ಮುದ್ದು ಮಾಡುವ ವೈಯಲ್ಲಿ. ಅದರ ಹುಟ್ಟು ಯಾರಿಗೂ ಖಚಿತವಿಲ್ಲ.

"ಮೂಲ ತಿಳಿಯದು ಅಂತ ಬರೆದು ಕೈ ತೊಳ್ಕೊಳ್ಳಿ ಮೇಷ್ಟ್ರೇ," ಎಂದು ನಾನೆಂದರೆ ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸುತ್ತ, "ಅಲ್ರೀ, ಯಾರೋ ಒಬ್ಬ ತಾಯಿ ಮೊದಲ ಸಲ ಹಾಗೆ ಕರೆದಿರ್ಬೇಕಲ್ವಾ? ಅವಳಿಗೊಂದು ಊರು ಬೇಡ್ವಾ?" ಎನ್ನುತ್ತಿದ್ದರು. ಪ್ರತಿ ವಾಕ್ಯವೂ ಹೀಗೆ ಪ್ರಶ್ನೆಯಲ್ಲೇ ನಿಲ್ಲುವುದು ಅವರ ಮಾತಿನ ಚಾಳಿ. ಒಮ್ಮೆ ಊಟದ ಡಬ್ಬಿ ತಂದುಕೊಟ್ಟ ಅವರ ಹೆಂಡತಿ ನನ್ನ ಕಡೆ ತಿರುಗಿ, "ನಮ್ಮ ಮಗಳು ಅಪ್ಪಾ ಅಂತ ಕರೆದ್ರೆ ಇವ್ರಿಗೆ ಕೇಳಿಸಲ್ಲ. ಡ್ಯಾಡಿ ಅಂದ್ರೆ ಎದ್ದು ಚೀಟಿ ಹುಡುಕ್ತಾರೆ," ಎಂದರು. ನಾವು ನಕ್ಕೆವು, ಆಕೆ ನಗಲಿಲ್ಲ.

ಕೊನೆಗೆ ಸಂಪಾದಕರು ಗಡುವು ಹಾಕಿದರು. ಶುಕ್ರವಾರ ಸಂಜೆಯೊಳಗೆ ಕೊಡದಿದ್ದರೆ ಆ ಬರಹವೇ ಇಲ್ಲದೆ ಸಂಪುಟ ಅಚ್ಚಿಗೆ ಹೋಗುತ್ತದೆ, ಮೇಷ್ಟ್ರ ಕೆಲಸವೂ ಅಲ್ಲಿಗೆ ಮುಗಿಯುತ್ತದೆ. ಶುಕ್ರವಾರ ಅವರು ಬರಲೇ ಇಲ್ಲ. ಮೇಜಿನ ಮೇಲೆ ಕರಡು ಹಾಗೆಯೇ ಬಿದ್ದಿತ್ತು. ಮುದ್ದಿನ ವೈಯ ಮೂಲ ಬರೆಯಬೇಕಾದ ಕೊನೆಯ ಸಾಲಿನ ಜಾಗ ಖಾಲಿ. ಪಾಪ, ಇಷ್ಟು ವರ್ಷದ ದುಡಿಮೆ ಮಣ್ಣುಪಾಲಾಗಬಾರದೆಂದು ನಾನು 'ಮೂಲ ತಿಳಿಯದು' ಎಂದು ತುಂಬಿಸಿ, ಕೆಳಗೆ ಅವರ ಸಹಿಯನ್ನು ಹಾಕಿ ಕಳಿಸಿಬಿಟ್ಟೆ. ಉಪಕಾರ ಮಾಡಿದೆನೆಂದು ಎದೆಯುಬ್ಬಿಸಿಕೊಂಡು ಮನೆಗೆ ಹೋದೆ.

ಸಂಪುಟ ಬಂದ ದಿನ ಅವರು ಬಂದು, ನಿಂತೇ ಓದಿದರು.

"ಇದನ್ನ ಬರೆದದ್ದು ಯಾರು?"

"ನಾನೇ, ಮೇಷ್ಟ್ರೇ."

"ಎಷ್ಟು ಹೊತ್ತು ಹಿಡೀತು?"

"ಒಂದ್ನಿಮಿಷ."

ಪುಸ್ತಕ ಮುಚ್ಚಿದರು. "ಹನ್ನೊಂದು ವರ್ಷ ಹಲ್ಲು ಕಚ್ಚಿ ಹೇಳದೆ ಇಟ್ಕೊಂಡಿದ್ದ ಮಾತನ್ನ ನನ್ನ ಬಾಯಿಂದಲೇ ಹೇಳಿಸಿಬಿಟ್ರಿ." ಮೊದಲ ಸಲ ಅವರ ಮಾತು ಪ್ರಶ್ನೆಯಾಗಿ ನಿಲ್ಲಲಿಲ್ಲ. ಜೇಬಿನ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು ಹೊರಟರು. ಕಿಟಕಿಯಿಂದ ನೋಡಿದೆ: ಭಾರವಿಲ್ಲದಿದ್ದರೂ ಬಲಕ್ಕೇ ವಾಲುತ್ತಿದ್ದರು.

ಮತ್ತೆ ಬರಲಿಲ್ಲ. ಕರೆಯಲು ನನಗೂ ಮುಖವಿರಲಿಲ್ಲ.

ತಿಳಿಯದು ಎಂದು ಬರೆದು ನೆಮ್ಮದಿಯಾಗಿ ಊಟಕ್ಕೇಳುವ ನನ್ನಂಥವರಿಂದ ನಿಘಂಟುಗಳು ಮುಗಿಯುತ್ತವೆ. ಹಾಗೆ ಬರೆಯಲಾರದವರಿಗೆ ಹುಡುಕಿದ್ದೂ ಸಿಗುವುದಿಲ್ಲ, ಬದುಕೂ ದಕ್ಕುವುದಿಲ್ಲ. ಸೋಲನ್ನು ಒಪ್ಪಿಕೊಳ್ಳದಿರುವ ಹಟವೊಂದೇ ಅವರ ಆಸ್ತಿ. ಮೇಷ್ಟ್ರ ಪಾಲಿಗೆ ಉಳಿದಿದ್ದ ಅದೊಂದನ್ನೂ ಅವರ ಹೆಸರಿನಲ್ಲೇ ಸಹಿ ಹಾಕಿ ಕಸಿದವನು ನಾನು.